ಮಾಮಾನ ಖಟಕಾ

ನಮ್ಮ ಓಣಿಯ ನಳಕ್ಕೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನೀರು ಬರುತ್ತಿತ್ತು. ಆ ದಿನ ನನ್ನ ಸರದಿ ಬಂದು, ಹಂಡೆಯನ್ನು ನಳದ ಕೆಳಗಿಟ್ಟು ಇನ್ನೇನು ತುಂಬಿತು ಅನ್ನುವಾಗ ಖಾಕಿ ಅಂಗಿಯ ಒಬ್ಬ ಮನುಷ್ಯ ಸಾಲಿನ ಹೆಂಗಸರನ್ನು ದಾಟಿಕೊಂಡು ಬಂದು ನಿಂತ.

"ಪಟ್ಟಿ ಮಾಡೂ ಸಖಾರಾಮರ ಮನಿ ಯಾವದ್ರಿ ಅಕ್ಕಾರ?"

"ನಳಕ್ಕ ಬಂದವರು ಸಾಲಿನ್ಯಾಗ ನಿಂದರಬೇಕ್ರಿ ಸಾಹೇಬ್ರ, ನಿಮ್ಮ ಕೊಡ ಎಲ್ಲೈತಿ?" ಎಂದು ಹಿಂದಿನಿಂದ ಹಣಮವ್ವ ಕಿಚಾಯಿಸಿದಳು. ಹೆಂಗಸರು ನಕ್ಕರು. ಅವನು ನಗಲಿಲ್ಲ.

"ನಾನ ಅವರ ಮನಿಯಾಕಿ. ಏನಾಗಬೇಕಿತ್ತು?"

"ನಾನು ಭರಮಪ್ಪ ರೀ. ಇಚಲಕರಂಜಿ ಗಿರಣಿ ಜೀಪಿನ ಡ್ರೈವರ. ನೀವು ಜ್ಞಾನುನ ಅಕ್ಕ ಹೌದಲ್ರಿ?" ಅವನು ತಲೆಯ ಮೇಲಿನ ಟೋಪಿ ತೆಗೆದ. "ಜೀವ ಐತ್ರಿ. ಮೊದಲ ಅದನ್ನ ಹೇಳಿಬಿಡತೇನಿ, ಜೀವ ಐತಿ. ಕಾಲಿಗೆ ಗುಂಡ ಬಡದೈತಿ."

"ಯಾರ ಹೊಡದ್ರು?"

"ಯಾರೂ ಹೊಡದಿಲ್ರಿ. ಅವನದ ಪಿಸ್ತೂಲ. ನಿನ್ನೆ ಬ್ಯಾಂಕಿನಿಂದ ಪಗಾರದ ರೊಕ್ಕ ತಂದು ಜೀಪಿನಿಂದ ಇಳಿಯಾಕತ್ತಿದ್ದ. ಪಿಸ್ತೂಲಿನ ಚೀಲ ಸೀಟಿನ ಕಬ್ಬಿಣಕ್ಕ ಸಿಕ್ಕು, ಪಟ್ಟಿಯಿಂದ ಕಳಚಿ ಫರ್ಸಿಗಲ್ಲಿನ ಮ್ಯಾಲ ಬಿತ್ತು. ಬಿದ್ದ ಬಡತಕ್ಕ ಗುಂಡ ಹಾರಿತು."

ಹಂಡೆ ತುಂಬಿ ನೀರು ನನ್ನ ಪಾದದ ಮೇಲೆ ಹರಿಯುತ್ತಿತ್ತು. ಬೇರೆ ದಿನವಾಗಿದ್ದರೆ ಹಿಂದಿನವರು ಜಗಳ ತೆಗೆಯುತ್ತಿದ್ದರು. ಅಂದು ಯಾರೂ ಪಕ್ಕಕ್ಕೆ ಸರಿ ಎನ್ನಲಿಲ್ಲ. ನಾನು "ಕಳಚಿ ಬಿತ್ತು" ಎಂಬ ಮಾತಿನಲ್ಲಿಯೇ ನಿಂತುಬಿಟ್ಟಿದ್ದೆ. ಏಕೆಂದರೆ ಅದನ್ನು ಕಳಚದ ಹಾಗೆ ಮಾಡಿಕೊಟ್ಟವರು ನನ್ನ ಗಂಡ.

ನಮ್ಮದು ಚರ್ಮದ ಕೆಲಸದ ಮನೆ. ಮಾವನವರು ನಿಪ್ಪಾಣಿ ಕಡೆಯಿಂದ ಕೊಲ್ಲಾಪುರಕ್ಕೆ ಬಂದು ಚಪ್ಪಲಿ ಹೊಲಿಯುತ್ತ ಇಲ್ಲಿಯೇ ಉಳಿದವರು. ಇವರು ಚಪ್ಪಲಿ ಬಿಟ್ಟು ಸೊಂಟದ ಪಟ್ಟಿ, ಪಿಸ್ತೂಲಿನ ಚೀಲ, ತೋಟಾ ಇಡುವ ಬಟವೆ ಮಾಡುವುದಕ್ಕೆ ಹತ್ತಿದರು. ಗಿರಣಿ, ಬ್ಯಾಂಕುಗಳ ಕಾವಲುಗಾರರಿಗೆ ಒಂದು ತ್ರಾಸಿತ್ತು. ಚೀಲವನ್ನು ಪಟ್ಟಿಗೆ ಪೋಣಿಸಿರುತ್ತಿದ್ದರು. ಊಟಕ್ಕೆ ಕೂರುವಾಗ, ಸೈಕಲ್ ಹತ್ತುವಾಗ ಅದನ್ನು ತೆಗೆಯಬೇಕೆಂದರೆ ಇಡೀ ಪಟ್ಟಿ ಬಿಚ್ಚಿ ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಳ್ಳಬೇಕಾಗುತ್ತಿತ್ತು. ಇವರು ಅದಕ್ಕೆ ಎರಡು ತುಂಡಿನ ಹಿತ್ತಾಳೆ ಕೊಂಡಿ ಮಾಡಿದರು. ಒಂದು ತುಂಡು ಪಟ್ಟಿಯ ಮೇಲೆ ಕೂರುತ್ತದೆ, ಅದಕ್ಕೊಂದು ಬಾಯಿ. ಇನ್ನೊಂದು ಚೀಲದ ಬೆನ್ನಿಗೆ, ಅದಕ್ಕೊಂದು ನಾಲಿಗೆ. ನಾಲಿಗೆಯನ್ನು ಮೇಲಿನಿಂದ ಬಾಯಿಗೆ ಇಳಿಸಿದರೆ ಸ್ಪ್ರಿಂಗಿನ ಹಲ್ಲು ತನ್ನ ತೂತಿನಲ್ಲಿ ಕೂತು 'ಖಟ್' ಎನ್ನುತ್ತದೆ. ಆಮೇಲೆ ಹೆಬ್ಬೆರಳಿನಿಂದ ಒತ್ತಿದರಷ್ಟೇ ಬಿಡುತ್ತದೆ, ಇಲ್ಲದಿದ್ದರೆ ಎಷ್ಟು ಎಳೆದರೂ ಇಲ್ಲ. ಹಿತ್ತಾಳೆಯ ತುಂಡುಗಳನ್ನು ಹುಪರಿಯ ಬೆಳ್ಳಿ ಕೆಲಸದವರು ಕೊರೆದುಕೊಡುತ್ತಿದ್ದರು. ಸ್ಪ್ರಿಂಗಿಗೆ ಇಚಲಕರಂಜಿಯ ಮಗ್ಗಗಳ ಹಳೆಯ ಲಾಳಿಯ ಉಕ್ಕು. ಕಾವಲುಗಾರರು ಅದಕ್ಕೆ ಖಟಕಾ ಎಂದು ಹೆಸರಿಟ್ಟರು. ಗಡಹಿಂಗ್ಲಜದ ವ್ಯಾಪಾರಿ ಬಾಪೂಸಾಹೇಬರು ತಮ್ಮ ಅಂಗಡಿಯಲ್ಲಿಟ್ಟು ಮಾರಿಕೊಡುತ್ತಿದ್ದರು.

ಜ್ಞಾನು ನನ್ನ ಒಬ್ಬನೇ ತಮ್ಮ. ಅವ್ವ ಸತ್ತಾಗ ಅವನಿಗೆ ಇನ್ನೂ ಹಾಲುಹಲ್ಲು. ನನ್ನ ಸೆರಗು ಹಿಡಿದೇ ಬೆಳೆದವನು. ಇಚಲಕರಂಜಿಯ ಗಿರಣಿಯಲ್ಲಿ ರೊಕ್ಕದ ಜೀಪಿಗೆ ಕಾವಲು ಸಿಕ್ಕಾಗ ಅವನು ತನ್ನ ಭಾವನಾದ ಇವರನ್ನು ಮೊದಲು ಕೇಳಿದ್ದು, "ದಾಜೀ, ನನಗೂ ಒಂದು ಖಟಕಾ." ಇವರು ಅದನ್ನು ಎಲ್ಲಕ್ಕಿಂತ ಜತನದಿಂದ ಮಾಡಿದರು.

ಆಸ್ಪತ್ರೆಯಲ್ಲಿ ಜ್ಞಾನುವಿನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು. ಅವನು ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ್ದ. ಹೊದ್ದ ಚಾದರ ಒಂದು ಕಡೆ ಚಪ್ಪಟೆಯಾಗಿತ್ತು. ನನ್ನ ಕೈ ತಾನಾಗಿಯೇ ಅಲ್ಲಿಗೆ ಹೋಗಿ ಚಾದರವನ್ನು ಸರಿಮಾಡಿ ಹಿಂದೆ ಬಂತು.

ಭರಮಪ್ಪ ಬಂದುಹೋದ ಕೆಲವು ದಿನಗಳಲ್ಲಿ ಜ್ಞಾನುವಿನ ಪಟ್ಟಿ ಮತ್ತು ಖಾಲಿ ಚೀಲ ನಮ್ಮ ಮನೆಗೆ ಬಂದವು. ಪಿಸ್ತೂಲನ್ನು ಪೊಲೀಸರು ಇಟ್ಟುಕೊಂಡಿದ್ದರು. ಮಧ್ಯಾಹ್ನ, ನಾನು ಅಕ್ಕಿ ಆರಿಸುತ್ತಿದ್ದೆ. ಇವರು ಬಾಗಿಲ ಬೆಳಕಿಗೆ ಕೂತು ಖಟಕಾವನ್ನು ತಿರುಗಿಸಿ ತಿರುಗಿಸಿ ನೋಡಿದರು. ಸ್ಪ್ರಿಂಗು ಒತ್ತಿದರು, ಬಿಟ್ಟರು. ಅದು ಚೆನ್ನಾಗಿಯೇ ಪುಟಿಯಿತು. ನಾಲಿಗೆ ಇಳಿಸಿದರು. 'ಖಟ್' ಅನ್ನುವ ಬದಲು ಒದ್ದೆ ಬಾಗಿಲು ಹಾಕಿದ ಹಾಗೆ ಮೆತ್ತಗೆ ಸಪ್ಪಳವಾಯಿತು. ಚರ್ಮ ಚುಚ್ಚುವ ಆರಿಯನ್ನು ತೆಗೆದುಕೊಂಡು ಹಲ್ಲು ಕೂರುವ ತೂತಿನಲ್ಲಿ ಆಡಿಸಿದರು. ಒಳಗಿನಿಂದ ಒಣಗಿ ಕಲ್ಲಾದ ಒಂದು ಚೂರು ಅವರ ಅಂಗೈಗೆ ಬಿತ್ತು. ಕೆಂಪಗಿತ್ತು.

ರಕ್ತ ಎಂದುಕೊಂಡೆ. ಅವರು ಉಗುರಿನಿಂದ ಪುಡಿಮಾಡಿದಾಗ ಗೊತ್ತಾಯಿತು, ಹಲ್ಲು ಕೂರದ ಹಾಗೆ ತೂತು ತುಂಬಿದ್ದು ಕುಂಕುಮ.

ಖಂಡೇನವಮಿಯ ದಿನ ನಮ್ಮ ಮನೆಯಲ್ಲಿ ಆರಿ, ರಂಪಿಗೆ, ಕಲ್ಲು, ಸುತ್ತಿಗೆ ಎಲ್ಲವನ್ನೂ ತೊಳೆದು ಮಣೆಯ ಮೇಲಿಟ್ಟು ಪೂಜೆ ಮಾಡುತ್ತೇವೆ. ತಯಾರಾದ ಮಾಲನ್ನೂ ಇಡುತ್ತೇವೆ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮನೆಯ ಮಗಳು ಹಚ್ಚಬೇಕು, ಅದು ಮಾವನವರ ಕಾಲದಿಂದ ಬಂದ ಪದ್ಧತಿ. ಎಪ್ಪತ್ತೊಂಬತ್ತರ ನವಮಿಗೆ, ಆ ಗುಂಡು ಹಾರುವ ಕೆಲವು ದಿನ ಮೊದಲು, ನಮ್ಮ ಮಗಳು ತಾರವ್ವ ನಾಲ್ಕನೆಯ ಇಯತ್ತೆಯಲ್ಲಿದ್ದಳು. ಲಂಗದ ಚುಂಗು ಸೊಂಟಕ್ಕೆ ಸಿಕ್ಕಿಸಿ, ನಾಲಿಗೆ ಹೊರಗೆ ಹಾಕಿಕೊಂಡು ಒಂದೊಂದಕ್ಕೂ ಬೊಟ್ಟಿಟ್ಟಳು. ಜ್ಞಾನುವಿನ ಖಟಕಾದ ಹತ್ತಿರ ಬಂದಾಗ ಒಂದು ಬೊಟ್ಟು ಸಾಲದೆಂದು ಮತ್ತೆ ಮತ್ತೆ ಹಚ್ಚಿದಳು.

"ಅಷ್ಟ ಯಾಕ ಬಳೀತಿ ಪೋರಿ?" ಎಂದೆ.

"ಇದು ಮಾಮಾಂದು. ದೇವರಿಗೆ ಬ್ಯಾರೆ ತಿಳೀಬೇಕು" ಎಂದಳು.

ಮರುದಿನ ದಸರೆಗೆ ಜ್ಞಾನು ಬಂದ. ಖಟಕಾ ಹಾಕಿಕೊಂಡು ಅಂಗಳದಲ್ಲಿ ಫೌಜದಾರನ ಹಾಗೆ ನಡೆದು ತೋರಿಸಿದ. "ತಾರಾರಾಣಿ, ಸಲಾಮ್ ಹೊಡಿ ಮಾಮಾಗ" ಎಂದ. ಅವನ ಬೆರಳಿಗೆಲ್ಲ ಕೆಂಪು ಹತ್ತಿತ್ತು. ಒರೆಸಿಕೊಡಲೇ ಎಂದು ಇವರು ಅರಿವೆ ತೆಗೆದರು. ಜ್ಞಾನು ಹಿಂದೆ ಸರಿದ. "ಪೂಜಿ ಮಾಡಿದ್ದು ಒರಸಬಾರದ್ರಿ ದಾಜಿ. ಅದು ತಾನ ಹೋಗಬೇಕು." ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ಇವರೂ ಅರಿವೆ ಕೆಳಗಿಟ್ಟರು.

ಬಾಗಿಲ ಬೆಳಕಿನಲ್ಲಿ ಇವರು ಅಂಗೈಯ ಪುಡಿಯನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅವರು ಕೈ ಹೊರಗೆ ಚಾಚಿ ಪುಡಿಯನ್ನು ಊದಿಬಿಟ್ಟರು.

"ಸ್ಪ್ರಿಂಗ ಸಡ್ಲ ಇತ್ತು" ಎಂದರು. "ಯಾರ ಕೇಳಿದ್ರೂ ಇಷ್ಟ ಹೇಳೂದು. ಉಕ್ಕು ಕಾಸಿ ನಾ ನೀರು ಕುಡಿಸಿದ್ದು ಸಾಲಲಿಲ್ಲ."

ಹೌದು ಎಂದು ನಾನು ತಲೆಯಾಡಿಸಿದೆ. ಮೊರ ಎತ್ತಿಕೊಂಡು ಏಳುವಾಗ ನೋಡಿದೆ, ಒಳಗಿನ ಬಾಗಿಲ ಪರದೆಯ ಕೆಳಗೆ ತಾರಿಯ ಪಾದಗಳು. ಅವಳು ಎಷ್ಟನ್ನು ನೋಡಿದ್ದಳೋ ನನಗೆ ತಿಳಿಯಲಿಲ್ಲ.

ಗಿರಣಿಯ ಸಾಹೇಬರು ವಿಚಾರಿಸಲು ಬಂದಾಗ ಇವರು ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದರು. ತಪ್ಪು ನನ್ನದು, ಕೆಲಸ ಕಚ್ಚಾ ಆಗಿತ್ತು ಎಂದು ಕೈಮುಗಿದರು. ಸಾಹೇಬರೇನೂ ಕೂಗಾಡಲಿಲ್ಲ. ಆದರೆ ಆ ಮಾತು ಇಚಲಕರಂಜಿಯ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಡೆದು ಹೋಯಿತು. ಪಟ್ಟಿಗೆ ಅಳತೆ ಕೊಟ್ಟುಹೋದವರು ತಿರುಗಿ ಬರಲಿಲ್ಲ.

ದೀಪಾವಳಿ ಮುಗಿದ ಮೇಲೆ ಜ್ಞಾನುವನ್ನು ನಮ್ಮ ಮನೆಗೇ ಕರೆತಂದೆವು. ಅವನಿಗೆ ಬೇರೆ ಯಾರಿದ್ದಾರೆ? ಇವರು ಕೂತು ಕೆಲಸ ಮಾಡುವ ಮುಂದಿನ ಕೋಣೆಯಲ್ಲಿಯೇ ಅವನ ಹೊರಸು ಹಾಕಿದೆ. ಒಳಗೆ ಗಾಳಿಯಿಲ್ಲ ಎಂದು ಹಾಗೆ ಮಾಡಿದ್ದು. ಅದರಿಂದ ಇಡೀ ದಿನ ಇಬ್ಬರೂ ಎದುರುಬದುರಾದರು.

ಮೊದಮೊದಲು ಅವನು ಮಾತೇ ಆಡುತ್ತಿರಲಿಲ್ಲ. ಆಮೇಲೆ ಆಡಿದ್ದೆಲ್ಲ ಇವರಿಗೆ ಚುಚ್ಚುವ ಮಾತು.

"ದಾಜೀ, ಈ ಕಂಕುಳ ಕೋಲಿಗೊಂದು ಖಟಕಾ ಹಾಕಿಕೊಡ್ರಿ. ಬ್ಯಾಡ ಬ್ಯಾಡ, ಬ್ಯಾಡ್ರಿ. ನಡು ರಸ್ತೆದಾಗ ಕಳಚಿತಂದ್ರ ಇದ್ದೊಂದೂ ಹೋಗತೈತಿ."

ಇವರು ತಲೆ ಎತ್ತದೆ ಚರ್ಮ ಕೊಯ್ಯುತ್ತಿದ್ದರು. ಚಪ್ಪಲಿಯ ಚರ್ಮ. ಪಟ್ಟಿಯ ಚರ್ಮವನ್ನು ಸುತ್ತಿ ಮಾಡಿನ ಮೇಲೆ ಇಟ್ಟುಬಿಟ್ಟಿದ್ದರು.

ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, "ಜ್ಞಾನು, ಬಾಯಿಗೆ ಸ್ವಲ್ಪ ಕಡಿವಾಣ ಇರಲಿ" ಎಂದರೆ, "ಕಾಲಿಗೆ ಇಲ್ಲದ್ದು ಬಾಯಿಗಿ ಯಾಕ?" ಎನ್ನುತ್ತಿದ್ದ. ಸಿಟ್ಟು ಬರುತ್ತಿತ್ತು. ಮರುಗಳಿಗೆಯಲ್ಲಿ ಅವನು ಇಲ್ಲದ ಕಾಲಿನ ಹಿಮ್ಮಡಿ ಕೆರೆಯಲು ಬಗ್ಗಿ, ಕೈ ಗಾಳಿಯಲ್ಲಿ ನಿಂತು, ಸುಮ್ಮನೆ ಗೋಡೆಯ ಕಡೆ ತಿರುಗುತ್ತಿದ್ದ. ಆಗ ಯಾರ ಮೇಲೆ ಸಿಟ್ಟು ಮಾಡುವುದು?

ಒಮ್ಮೆ ಹಿತ್ತಲಲ್ಲಿ ಇವರಿಗೆ ಹೇಳಿದೆ. "ಅವಗೊಬ್ಬಗಾದ್ರೂ ಖರೇ ಹೇಳೂಣ್ರಿ. ಎಷ್ಟಂತ ಕೇಳಿಸಿಕೊಳ್ಳತೀರಿ?"

"ಹೇಳಿದ ಮ್ಯಾಲ ಅವ ತಾರಿ ಮಾರಿ ಹ್ಯಾಂಗ ನೋಡತಾನ?" ಎಂದರು. "ನನ್ನ ಮಾರಿ ನೋಡಿ ಬೈಲಿ ಬಿಡು. ನಾ ದೊಡ್ಡಾಂವ ಅದೀನಿ."

ಆದರೆ ತಾರಿ ಸಣ್ಣವಳಾಗಿ ಉಳಿದಿರಲಿಲ್ಲ. ಶಾಲೆಗೆ ಹೋಗುವಾಗ ಹಣೆಗೆ ಕುಂಕುಮವಿಟ್ಟುಕೊಳ್ಳುವುದನ್ನು ಬಿಟ್ಟಿದ್ದಳು. ನಾನು ಕುಂಕುಮದ ಕರಡಿಗೆ ತೆಗೆದರೆ ಸಾಕು, ಹೊತ್ತಾಯಿತು ಎಂದು ಓಡುತ್ತಿದ್ದಳು. ಒಂದು ದಿನ ಜಡೆ ಹಾಕುವಾಗ ಕೇಳಿದಳು.

"ಅವ್ವಾ, ಪೂಜಿ ಮಾಡಿದ್ದು ಯಾಕ ಒರಸಬಾರದು?"

"ಹಿರ್ಯಾರು ಹೇಳ್ಯಾರ."

"ಒರಸಿದ್ರ ಏನಾಗತೈತಿ?"

"ಏನೂ ಆಗಂಗಿಲ್ಲ. ತಲಿ ಅಳ್ಳಾಡಸಬ್ಯಾಡ."

ಇನ್ನೊಂದು ದಿನ, ಭಾಂಡೆ ತಿಕ್ಕುವಾಗ ಪಕ್ಕದಲ್ಲಿ ಬಂದು ಕೂತು, "ಎಣ್ಣ್ಯಾಗ ಕಲಸಿದ ಕುಂಕಮ ಒಣಗಿದ ಮ್ಯಾಲ ಕಲ್ಲ ಆಗತೈತೇನ?" ಎಂದಳು. "ಅಭ್ಯಾಸ ಮಾಡ್ಕೋ ಹೋಗು" ಎಂದು ಬೂದಿಯ ಕೈಯಿಂದಲೇ ಅವಳನ್ನು ಎಬ್ಬಿಸಿದೆ.

ನಿನ್ನ ತಪ್ಪಲ್ಲ ಎಂದು ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಅವಳನ್ನು ಹತ್ತಿರ ಎಳೆದುಕೊಂಡಾಗ ಮಾತು ತುದಿನಾಲಿಗೆಗೆ ಬರುತ್ತಿತ್ತು. ಆದರೆ ನಿನ್ನ ತಪ್ಪಲ್ಲ ಎನ್ನಬೇಕಾದರೆ ಮೊದಲು ಏನಾಯಿತೆಂದು ಹೇಳಬೇಕಲ್ಲ. ಅವಳಿಗೆ ಪೂರ್ತಿ ಗೊತ್ತಿಲ್ಲದೆ ಇರಬಹುದು, ಬರೀ ಅನುಮಾನವಿರಬಹುದು, ಪರೀಕ್ಷೆ ರಜೆ ಎಂದು ಮರೆತೇಬಿಡಬಹುದು. ಹೀಗೆ ನನಗೆ ನಾನೇ ಹೇಳಿಕೊಂಡು ಅವಳ ನೆತ್ತಿಗೆ ಎಣ್ಣೆ ತಟ್ಟಿ ಬಿಟ್ಟುಬಿಡುತ್ತಿದ್ದೆ.

ಸಂಕ್ರಾಂತಿಯ ಮುಂಚೆ ಒಂದು ರವಿವಾರ ಬಾಪೂಸಾಹೇಬರು ಗಡಹಿಂಗ್ಲಜದಿಂದ ಬಂದರು. ಜೊತೆಗೆ ಹಮಾಲನ ತಲೆಯ ಮೇಲೆ ಒಂದು ಗೋಣಿಚೀಲ. ಕೆಳಗಿಳಿಸಿದಾಗ ಒಳಗಿನ ಹಿತ್ತಾಳೆ ಗಲಗಲ ಎಂದಿತು. ಇವರಿಗೆ ನೋಡದೆಯೇ ತಿಳಿಯಿತು.

"ರಾಗಾವು ನಕಾ ಸಖಾರಾಮ, ಸಿಟ್ಟಾಗಬ್ಯಾಡ" ಎಂದು ಬಾಪೂಸಾಹೇಬರು ಚಾಪೆಯ ಮೇಲೆ ಕೂತರು. ಒಳ್ಳೆಯ ಮನುಷ್ಯ, ಮುಖ ನೋಡಿ ಹೇಳಲು ಅವರಿಗೆ ಆಗುತ್ತಿರಲಿಲ್ಲ. "ನಾ ಇಟ್ಟುಕೊಳ್ಳತಿದ್ದೆ. ಗಿರಾಕಿ ಕೈಯಾಗ ಹಿಡದು ಕೇಳತಾರ, ಕಾಲು ತಿಂದ ಖಟಕಾ ಇದ ಏನ್ರಿ ಅಂತ."

"ಪೂರಾ ತಿಂದಿಲ್ರಿ ಸಾಹೇಬ್ರ" ಎಂದ ಜ್ಞಾನು ಹೊರಸಿನ ಮೇಲಿಂದ. "ತೊಡಿ ಬಿಟ್ಟೈತಿ. ಸಂಬಂಧಿಕರು ಅಂತ ಸ್ವಲ್ಪ ದಯಾ."

ಬಾಪೂಸಾಹೇಬರು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದರು. ಗೋಣಿಚೀಲದಿಂದ ಒಂದನ್ನು ತೆಗೆದು ನಾಲಿಗೆ ಇಳಿಸಿದರು. 'ಖಟ್' ಎಂದಿತು. ಎಳೆದರು, ಬರಲಿಲ್ಲ.

"ನನಗ ಒಂದು ತಿಳಿಯಂಗಿಲ್ಲ ನೋಡು. ಇಷ್ಟ ವರ್ಷ ಮಾರೇನಿ, ಒಂದೂ ತಿರುಗಿ ಬಂದಿಲ್ಲ. ಹೊರಗಿನ ಮಂದಿಗೆ ಮಾಡಿದ್ದು ಗಟ್ಟಿ ಉಳದಾವ. ಮನಿ ಹುಡುಗಗ ಮಾಡಿದ್ದ ಯಾಕ ಬಿಚ್ಚಿತು?"

"ಹಬ್ಬದ ಗಡಿಬಿಡ್ಯಾಗ ಮಾಡಿದ್ನಿ ರೀ" ಎಂದರು ಇವರು. "ಮನಿಯಾಂವನದಲ್ಲಾ ಅಂತ ಅವಸರ ಆತು."

"ಕೇಳಿದ್ರೇನ್ರಿ?" ಜ್ಞಾನು ಜೋರಾಗಿ ನಕ್ಕ. ನಗುತ್ತ ಅವನ ಕಣ್ಣಲ್ಲಿ ನೀರು ಬಂತು. "ಸಾಹೇಬರ ಚಪ್ಪಲಿಗೆ ಗಡಿಬಿಡಿ ಇಲ್ಲ, ಮುದುಕರ ಮೆಟ್ಟಿಗೆ ಗಡಿಬಿಡಿ ಇಲ್ಲ. ಹೆಂಡತಿ ತಮ್ಮನ ಕಾಲಿಗೆ ಗಡಿಬಿಡಿ. ದಾಜೀ, ಮನಸಿನ್ಯಾಗ ಏನ ಇಟಗೊಂಡು ಮಾಡಿದ್ರಿ ಅದನ್ನ? ಇವತ್ತ ನಾಕ ಮಂದಿ ಮುಂದ ಹೇಳಿಬಿಡ್ರಿ."

"ಜ್ಞಾನು!" ಎಂದೆ ನಾನು ಒಲೆಯ ಮುಂದಿನಿಂದ.

ಆರಿ ಹಿಡಿದಿದ್ದ ಇವರ ಕೈ ಚರ್ಮದ ಮೇಲೆ ಹಾಗೆಯೇ ನಿಂತಿತ್ತು. ಅವರನ್ನು ನಾನು ಅಷ್ಟು ವರ್ಷಗಳಲ್ಲಿ ಹಾಗೆ ನೋಡಿರಲಿಲ್ಲ.

ತಾರಿ ನನ್ನ ಪಕ್ಕದಲ್ಲಿ ಚಹಾದ ತಾಟು ಹಿಡಿದು ನಿಂತಿದ್ದಳು. ನಾನು ತಾಟಿಗೆ ಕೈ ಚಾಚಿ, "ಕೊಡ ಇಲ್ಲಿ. ನೀ ಹೊರಗ ಆಡಾಕ ಹೋಗವ್ವ" ಎಂದೆ. ಅವಳು ನನಗೆ ಕೊಡಲಿಲ್ಲ. ಮುಂದಿನ ಕೋಣೆಗೆ ನಡೆದು, ತಾಟನ್ನು ಬಾಪೂಸಾಹೇಬರ ಮುಂದೆ ನೆಲಕ್ಕಿಟ್ಟಳು. ಎದ್ದು ಅಪ್ಪನ ಮತ್ತು ಹೊರಸಿನ ನಡುವೆ ನಿಂತಳು. ಎರಡೂ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. ನಾನು ಏಳುವಷ್ಟರಲ್ಲಿ, ಇವರು "ತಾರೀ, ಸುಮ್ನಿರು" ಎನ್ನುವಷ್ಟರಲ್ಲಿ, ಅವಳು ಜ್ಞಾನುವಿಗೆ ಬೆನ್ನು ಮಾಡಿ ಅಪ್ಪನ ಮುಖವನ್ನೇ ನೋಡುತ್ತ ಎಲ್ಲರಿಗೂ ಕೇಳುವಂತೆ ಕೇಳಿದಳು.

"ಅಪ್ಪಾ, ಮಾಮಾನ ಕಾಲು ನಾ ತುಂಬಿದ ಕುಂಕಮದಿಂದ ಹೋತೇನ?"