ಸೇತುವೆಯ ಎರಡೂ ಕಡೆ ಟೊಮೆಟೊ

ಬೆಳಿಗ್ಗೆ ಆಸ್ಪತ್ರೆಯ ಅಡುಗೆಮನೆಗೆ ಹೊರಟಿದ್ದ ಅಡುಗೆಯಾಕೆ ಸೇತುವೆ ಹತ್ತಿದವಳೇ "ಅಯ್ಯಯ್ಯೋ!" ಎಂದು ಕಿರುಚಿದಳು. ರಸ್ತೆಯೆಲ್ಲ ಕೆಂಪು. ಯಾವ ಗಾಡಿ ಯಾರ ಮೇಲೆ ಹರಿಯಿತೋ ಎಂದು ಓಡಿದಳು. ಹತ್ತಿರ ಹೋಗಿ ನೋಡಿದರೆ ಟೊಮೆಟೊ! ರಾಶಿ ರಾಶಿ ಹಣ್ಣು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಅಲ್ಲೇ ಬುಟ್ಟಿ ಬೋರಲು ಹಾಕುತ್ತಿದ್ದವನು ಬೇರೆ ಯಾರೂ ಅಲ್ಲ, ಅವಳ ಗಂಡ.

"ರೀ, ಏನ್ರೀ ಇದು? ತಲೆ ಕೆಟ್ಟಿದೆಯಾ ನಿಮಗೆ?"

"ಬಿಟ್ಟಿ ಕೊಟ್ರೂ ಬೇಡ ಅಂತಾರೆ ಕಣೇ ಮಾರ್ಕೆಟ್ಟಲ್ಲಿ. ತಲೆ ಮೇಲೆ ಹೊತ್ಕೊಂಡು ಕುಣೀಲಾ? ಸಾಕಾಯ್ತು. ಹೊಲಾನ ಇಟ್ಟಿಗೆ ಭಟ್ಟಿಯವನಿಗೆ ಕೊಡ್ತೀನಿ ಅಂದಿದೀನಿ. ಭಾನುವಾರ ಮಣ್ಣು ಅಗೆಯೋಕೆ ಬರ್ತಾನೆ."

ಮೇಲ್ಮಣ್ಣು ಒಮ್ಮೆ ಹೋದರೆ ಆ ಹೊಲದಲ್ಲಿ ಇನ್ನು ಹುಲ್ಲೂ ಹುಟ್ಟುವುದಿಲ್ಲ.

ಗರ ಬಡಿದವಳಂತೆ ಅಡುಗೆಮನೆ ಸೇರಿದಳು. ಅಲ್ಲಿ ನೋಡಿದರೆ, ದೂರದ ನಗರದಿಂದ ಲಾರಿಯಲ್ಲಿ ಬಂದ ಟೊಮೆಟೊ ಪೆಟ್ಟಿಗೆಗಳು! ಅರ್ಧಕ್ಕರ್ಧ ಕೊಳೆತಿವೆ. ದಿನಾ ಅದನ್ನೇ ಹೆಚ್ಚುತ್ತಿದ್ದಳು, ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ, ಮಹಾತಾಯಿ. ಇವತ್ತು ಹೊಟ್ಟೆ ಉರಿಯಿತು.

ಸಂಜೆ ನಾದಿನಿ ಬಂದಳು. ಸೇತುವೆಯ ಆಚೆ ದಡಕ್ಕೆ ಮದುವೆಯಾಗಿ ಹೋದವಳು, ಆ ಕಡೆಯ ಸ್ಥಳೀಯ ಮಂಡಳಿಯ ಸದಸ್ಯೆ.

"ಅತ್ತಿಗೆ, ನಮ್ಮ ಕಡೆಯವರೂ ಟೊಮೆಟೊ ರಸ್ತೆಗೆ ಸುರೀತಿದಾರೆ. ಊರಿನ ತರಕಾರಿ ಊರಲ್ಲೇ ಬೆಳೀಲಿ ಅಂತ ನಮ್ಮ ಮಂಡಳಿ ಎಲ್ರಿಗೂ ಪುಕ್ಕಟೆ ಟೊಮೆಟೊ ಸಸಿ ಹಂಚಿತ್ತು."

"ಏನು? ನಮ್ಮ ಮಂಡಳೀನೂ ಅದನ್ನೇ ಹಂಚಿತ್ತಲ್ಲೇ!" ಮಲಗಿದ್ದ ಗಂಡ ಎದ್ದು ಕೂತ.

"ಯಾವಾಗಣ್ಣ?"

"ಮೊದಲ ಮಳೆ ಬಿದ್ದ ವಾರ."

ನಾದಿನಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ, ನಾವೂ ಅದೇ ವಾರ!"

ಮೂವರೂ ಮುಖ ಮುಖ ನೋಡಿಕೊಂಡರು. ಮಧ್ಯೆ ಇರುವುದು ಒಂದು ಸೇತುವೆ. ಎರಡೂ ಕಡೆಯವರು ಒಳ್ಳೆಯದನ್ನೇ ಮಾಡಲು ಹೊರಟಿದ್ದರು, ಆದರೆ ಒಬ್ಬರನ್ನೊಬ್ಬರು ಒಂದು ಮಾತು ಕೇಳಿರಲಿಲ್ಲ. ಎಲ್ಲರ ಹಣ್ಣೂ ಒಟ್ಟಿಗೇ ಮಾಗಿ ಒಂದೇ ಮಾರುಕಟ್ಟೆಗೆ ನುಗ್ಗಿತ್ತು. ಹೀಗೂ ಉಂಟೇ, ನೀವೇ ಹೇಳಿ!

"ಶುಕ್ರವಾರ ಎರಡೂ ಮಂಡಳೀನ ಒಟ್ಟಿಗೆ ಕೂರಿಸ್ತೀನಿ. ನೀವಿಬ್ರೂ ಬರಬೇಕು," ಎಂದಳು ನಾದಿನಿ.

"ಹೋಗೇ. ಟೀ ಕುಡಿದು ಎದ್ದು ಹೋಗ್ತಾರೆ ಅಷ್ಟೇ," ಎಂದ ಅಣ್ಣ.

"ಟೀ ಕುಡೀಲಿ ಬಿಡ್ರೀ. ಎದ್ದು ಹೋಗೋಕೆ ನಾನು ಬಿಟ್ರೆ ತಾನೆ!" ಎಂದಳು ಅಡುಗೆಯಾಕೆ.

ಶುಕ್ರವಾರ ಎರಡೂ ಕಡೆಯ ಅಧ್ಯಕ್ಷರು ತಾವು ಹಂಚಿದ ಸಸಿಗಳ ಬಗ್ಗೆ ಜಂಭದಿಂದ ಹೇಳಿಕೊಂಡರು. ಅಡುಗೆಯಾಕೆಗೆ ತಡೆಯಲಾಗಲಿಲ್ಲ.

"ನನ್ನ ಗಂಡ ಬೆಳೆದ ಟೊಮೆಟೊ ರಸ್ತೆ ಪಾಲು. ನಾನು ರೋಗಿಗಳಿಗೆ ಬೇಯಿಸೋದು ಲಾರೀಲಿ ಬಂದ ಕೊಳೆತದ್ದು. ಆಸ್ಪತ್ರೆಗೆ ಏನು ಬೇಕು ಅಂತ ಯಾರಾದ್ರೂ ಕೇಳಿದ್ರಾ?"

ಅಧ್ಯಕ್ಷರಿಬ್ಬರ ಮುಖವೂ ಇಂಗು ತಿಂದ ಮಂಗನ ಹಾಗಾಯಿತು. ಪಾಪ, ಅವರಿಗೂ ನಿಜವಾಗಿ ಗೊತ್ತಿರಲಿಲ್ಲ.

ಅಂದು ಯಾರೂ ಸಭೆಯಿಂದ ಬೇಗ ಏಳಲಿಲ್ಲ, ಕೂತು ತೀರ್ಮಾನಿಸಿದರು: ಈ ಕಡೆ ಟೊಮೆಟೊ, ಹುರುಳಿಕಾಯಿ, ಆ ಕಡೆ ಸೊಪ್ಪು, ಗೆಡ್ಡೆ, ನಾಟಿಯೂ ಒಂದೇ ವಾರವಲ್ಲ, ಹಿಂದೆಮುಂದೆ. ಆಸ್ಪತ್ರೆ, ಶಾಲೆಗಳ ಅಡುಗೆಮನೆಗೆ ಏನು ಬೇಕೆಂದು ಮೊದಲೇ ತಿಳಿಸಿ, ಇಲ್ಲಿಯವರಿಂದಲೇ ಕೊಳ್ಳುವುದು. ಆಚೆ ದಡದ ತಂಪುಕೋಣೆ, ಈಚೆ ದಡದ ವ್ಯಾನು, ಎರಡೂ ಇಬ್ಬರಿಗೂ.

"ಇದೆಲ್ಲ ಬರೀ ಬಾಯಿಮಾತು," ಎಂದು ಗಂಡ ದಾರಿಯುದ್ದಕ್ಕೂ ಗೊಣಗಿದ. ಆದರೆ ಶನಿವಾರವೇ ವ್ಯಾನು ಹೊಲದ ಬದಿಗೆ ಬಂದು ನಿಂತಾಗ ಬುಟ್ಟಿ ತುಂಬಿ ಹತ್ತಿಸತೊಡಗಿದವನು ಅವನೇ.

ಭಾನುವಾರ ಭಟ್ಟಿಯವನು ಮಣ್ಣು ಅಗೆಯುವ ಯಂತ್ರದ ಜೊತೆ ಹಾಜರಾದ. "ಮಾತು ಕೊಟ್ಟಿದ್ದೆಯಲ್ಲಪ್ಪ?"

"ಕೊಟ್ಟಿದ್ದೆ, ತಪ್ಪಾಯ್ತು ಮಾರಾಯ. ನಾಳೆ ಆಸ್ಪತ್ರೇಲಿ ರೋಗಿಗಳಿಗೆ ಊಟ ಆಗಬೇಕು. ಇಟ್ಟಿಗೆ ಬೇಯಿಸಿ ಬಡಿಸೋಕಾಗುತ್ತಾ?"

ಯಂತ್ರ ಬಂದ ದಾರಿಯಲ್ಲೇ ಹಿಂದಿರುಗಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಮಂಡಳಿಯೂ ಏನಾದರೂ ಹಂಚುತ್ತಿರಬಹುದು, ಬೆಳೆಸುತ್ತಿರಬಹುದು. ಮುಂದಿನ ಸಭೆಗೆ ತಪ್ಪದೆ ಹೋಗಿ. ಎದ್ದು ನಿಂತು ಕೇಳಿ: "ಪಕ್ಕದ ಊರಿನವರ ಜೊತೆ ಮಾತಾಡಿದ್ರಾ?" ಉತ್ತರ ಸಿಗುವವರೆಗೆ ಕೂರಬೇಡಿ.