ಟ್ಯಾಂಕಿನ ಮೇಲಿನ ಹೆಸರು

ಹೊಸಕೆರೆಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಲತಾಮಣಿ ಅಂದು ಬೆಳಿಗ್ಗೆ ಮಯೂರ್ ಅವರ ಬೈಕಿಗೆ ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿಕೊಟ್ಟಳು. ಕಾಲೇಜು ಮೇಷ್ಟರಾದ ಮಯೂರ್ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಹಿಂದಿನ ಮಾಲೀಕ ಸೀಟು, ಹ್ಯಾಂಡಲ್, ಬಣ್ಣ ಎಲ್ಲ ಬದಲಿಸಿದ್ದ.

"ಇವಳಿಗೆ ಜಯನಗರದಲ್ಲಿ ಎಕ್ಸಾಮು. ಬರ್ತೀನಿ ಅಕ್ಕ" ಎಂದು ಮಗಳು ಸಮನ್ವಿತಾಳನ್ನು ಹಿಂದೆ ಕೂರಿಸಿಕೊಂಡು ಅವರು ಹೊರಟರು.

ಹಳೆಯ ಪ್ಯಾಡುಗಳನ್ನು ಗುಜರಿ ಡಬ್ಬಕ್ಕೆ ಹಾಕುವಾಗ ಅವುಗಳ ಬೆನ್ನಿನ ನಂಬರು ಲತಾಮಣಿಯ ಕಣ್ಣಿಗೆ ಬಿತ್ತು. ಅದು ಈ ಬೈಕಿನದಲ್ಲ, ಇದಕ್ಕಿಂತ ದೊಡ್ಡದೊಂದು ಬೈಕಿನದು. ಎರಡರ ಆಕಾರ ಒಂದೇ ಆದ್ದರಿಂದ ಹೊಸ ಪ್ಯಾಡು ಸಲೀಸಾಗಿ ಕೂತಿತ್ತು. ಹಿಂದಿನ ಮಾಲೀಕ ಚಕ್ರ, ಬ್ರೇಕು ಸಮೇತ ಮುಂಭಾಗವನ್ನೇ ಬೇರೆ ಗಾಡಿಯಿಂದ ತಂದು ಕೂರಿಸಿದ್ದ! ಅವಳು ಟ್ಯಾಂಕಿನ ಮೇಲಿದ್ದ ಹೆಸರನ್ನಷ್ಟೇ ನಂಬಿ ಅದರ ಸರ್ವಿಸ್ ಮ್ಯಾನುಯಲ್ ತೆರೆದಿದ್ದಳು. ಬ್ರೇಕು ಹಿಡಿದಿಡುವ ಎರಡು ಬೋಲ್ಟುಗಳನ್ನು ಅದರಲ್ಲಿದ್ದಂತೆ ಇಪ್ಪತ್ತೈದು ನ್ಯೂಟನ್ ಮೀಟರಿಗೆ ಬಿಗಿಮಾಡಿದ್ದಳು. ಈಗ ಫೋನಿನಲ್ಲಿ ದೊಡ್ಡ ಬೈಕಿನ ಮ್ಯಾನುಯಲ್ ತೆರೆದಳು. ನಲವತ್ತು ಎಂದಿತ್ತು. ಬೋಲ್ಟು ಸಡಿಲವಾಗದಂತೆ ಅಂಟು ಹಚ್ಚಲೇಬೇಕು ಎಂದೂ ಇತ್ತು.

ಬೋಲ್ಟು ಕಳಚಿದರೆ ಬ್ರೇಕು ಚಕ್ರದೊಳಗೆ ಸಿಕ್ಕಿಕೊಂಡು ಗಾಡಿ ಪಲ್ಟಿ ಹೊಡೆಯುತ್ತದೆ.

ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಓಡಿಸುತ್ತಿರುವವರು ಹೇಗೆ ಎತ್ತಿಯಾರು? ಸ್ಕೂಟರ್ ಹತ್ತಿ ಕತ್ರಿಗುಪ್ಪೆ ಕಡೆ ಹೊರಟಳು. ಸಿಗ್ನಲ್ ಬಳಿ ಜನ ಗುಂಪುಗೂಡಿದ್ದು ಕಂಡು ಸ್ಕೂಟರ್ ನಿಲ್ಲಿಸಿದಳು. ಇಳಿದು ಜನರನ್ನು ತಳ್ಳಿಕೊಂಡು ನುಗ್ಗಿದರೆ, ಆಟೋದವನಿಗೂ ಬಸ್ಸಿನವನಿಗೂ ಜಗಳ, ಅಷ್ಟೇ. ಮತ್ತೆ ಫೋನ್ ಮಾಡಿದಳು. ಒಂಬತ್ತನೆಯ ಸಲ.

ಬನಶಂಕರಿ ಬಸ್ ನಿಲ್ದಾಣ ಇನ್ನೂ ಸ್ವಲ್ಪ ದೂರವಿರುವಾಗ ಮಯೂರ್ ಅವರೇ ಫೋನ್ ಮಾಡಿದರು.

"ಏನಕ್ಕ, ಇಷ್ಟೊಂದ್ ಕಾಲ್? ನಾನೇ ಮಾಡೋಣ ಅಂತಿದ್ದೆ. ಬ್ರೇಕ್ ಹಿಡಿದಾಗೆಲ್ಲ ಟಕ್ ಅಂತಿದೆ."

"ಸಾರ್, ಮೊದ್ಲು ಮಗೂನ ಇಳಿಸಿ! ಎಲ್ಲಿದೀರ?"

"ದೇವಸ್ಥಾನದ ಹತ್ರ. ಎಕ್ಸಾಮ್ ಇದೆ ಅಕ್ಕ, ನಿಧಾನಕ್ಕೆ ಹೋಗ್ಬಿಡ್ತೀನಿ."

"ಬೇಡಿ ಸಾರ್, ಕಾಲಿಗ್ ಬೀಳ್ತೀನಿ, ಒಂದಡಿನೂ ಓಡಿಸ್ಬೇಡಿ. ತಪ್ಪು ನಂದು. ಆಟೋ ಹಿಡೀರಿ."

ಅವಳು ಹೋಗುವಷ್ಟರಲ್ಲಿ ಅಪ್ಪ ಮಗಳು ಆಟೋದಲ್ಲಿ ಹೋಗಿಯಾಗಿತ್ತು. ಬೈಕು ಫುಟ್‌ಪಾತಿಗೆ ಒತ್ತಿ ನಿಂತಿತ್ತು. ಲತಾಮಣಿ ಮುಂಚಕ್ರದ ಪಕ್ಕ ಮಂಡಿಯೂರಿ ನೋಡಿದಳು. ಒಂದು ಬೋಲ್ಟು ಇರಲೇ ಇಲ್ಲ. ಇನ್ನೊಂದನ್ನು ಬೆರಳಲ್ಲಿ ಮುಟ್ಟಿದ್ದೇ ತಡ, ತಿರುಗಿತು. ಅವಳು ಅಲ್ಲೇ ಕೂತುಬಿಟ್ಟಳು. ಆಮೇಲೆ ಟೆಂಪೋ ಕರೆಸಿ ಬೈಕನ್ನು ಗ್ಯಾರೇಜಿಗೆ ಸಾಗಿಸಿದಳು.

ಮಧ್ಯಾಹ್ನ ಮಯೂರ್ ಗ್ಯಾರೇಜಿಗೆ ಬಂದಾಗ ಅವಳು ಏನನ್ನೂ ಮುಚ್ಚಿಡದೆ ಹೇಳಿದಳು.

"ಅವ್ಳು ಹಿಂದೆ ಕೂತು ಪಾಠ ಒಪ್ಪಿಸ್ತಿದ್ಲು" ಎಂದರು ಮಯೂರ್. "ಸರಿಮಾಡಿ. ನಾನಿಲ್ಲೇ ಇರ್ತೀನಿ."

ಹೊಸ ಬೋಲ್ಟುಗಳಿಗೆ ಅಂಟು ಹಚ್ಚಿ, ನಲವತ್ತಕ್ಕೆ ಬಿಗಿಮಾಡಿ, ಮೊದಲು ತಾನೇ ಒಬ್ಬಳೇ ಬೈಕು ಹತ್ತಿದಳು. ಕೆರೆಯ ಸುತ್ತಲ ರಸ್ತೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ಬ್ರೇಕು ಹಿಡಿದು ಕಿವಿಗೊಟ್ಟಳು. ಸದ್ದಿರಲಿಲ್ಲ. ಆದರೂ ಇನ್ನೊಂದು ಸುತ್ತು ಹೋದಳು.