ಹಿಮ್ಮಡಿಯ ಕೊಕ್ಕೆ

ನನ್ನ ಮಗ ಶಶಿಕಾಂತ್ ತನ್ನ ಕೈಯಾರೆ ಮಾಡಿದ ಕೊನೆಯ ವಸ್ತು ಒಂದು ಕೊಕ್ಕೆ. ಹಿಮದ ಮೇಲೆ ಜಾರುವ ಹಲಗೆಗೆ ಬೂಟನ್ನು ಹಿಡಿಸುವ ಕೊಕ್ಕೆ ಅದು. ಬೆವರು ಆರದ ಹ್ಯೂಸ್ಟನ್ ಊರಿನಲ್ಲಿ, ಎಣ್ಣೆ ಬಾವಿಗಳಿಗೆ ವಾಲ್ವ್ ಮಾಡುವ ವರ್ಕ್‌ಶಾಪಿನಲ್ಲಿ ಅದು ಹುಟ್ಟಿತೆಂದರೆ ಕೇಳಿದವರು ನಗುತ್ತಾರೆ. ಅವನೂ ನಗುತ್ತಿದ್ದ.

ಅದರ ಮೂಲ ಅವನ ಹೊಟ್ಟೆ. ಒಂದು ಕ್ರಿಸ್‌ಮಸ್ ರಜೆಯಲ್ಲಿ ಅವನು ಮಗಳು ಪ್ರೇರಣಾಳನ್ನು ಕರೆದುಕೊಂಡು ನ್ಯೂ ಮೆಕ್ಸಿಕೋದ ಗುಡ್ಡಗಳಿಗೆ ಹೋಗಿದ್ದ. ಸ್ನೋಬೋರ್ಡ್ ಎಂಬ ಆ ಹಲಗೆಗೆ ಎರಡು ಕಾಲುಗಳನ್ನೂ ಪಟ್ಟಿಗಳಿಂದ ಬಿಗಿದುಕೊಳ್ಳಬೇಕು. ಗುಡ್ಡ ಹತ್ತಿದಾಗಲೆಲ್ಲ ಹಿಮದಲ್ಲಿ ಕುಳಿತು, ಮುಂದೆ ಬಾಗಿ, ಮರಗಟ್ಟಿದ ಬೆರಳುಗಳಿಂದ ಪಟ್ಟಿ ಎಳೆಯಬೇಕು. ಮಗಳು ಎದ್ದು ಜಾರಿಕೊಂಡು ಹೋಗಿ ಕೆಳಗೆ ಕಾಯುತ್ತಿದ್ದಳು; ಇವನು ಮೇಲೆ ಕುಳಿತೇ ಇದ್ದ. "ಪಟ್ಟಿಗೂ ನನಗೂ ನಡುವ ನನ್ನ ಹೊಟ್ಟಿ ಕುಂತಿತ್ತವ್ವಾ, ಎದ್ದ ಹೋಗು ಅಂದ್ರ ಹೋಗವಲ್ದು" ಎಂದು ಮನೆಗೆ ಬಂದ ಮೇಲೆ ಹೇಳಿದ.

ಅಂದಿನಿಂದ ಅವನ ತಲೆಯಲ್ಲಿ ಅದೇ. ಪ್ರೇರಣಾ ಆಸ್ಟಿನ್ನಿನ ಹತ್ತಿರ ರೌಂಡ್ ರಾಕ್‌ನಲ್ಲಿ ಕಂಪ್ಯೂಟರ್ ಕಂಪನಿಯೊಂದರ ಎಂಜಿನಿಯರ್. ಭಾನುವಾರ ಬಂತೆಂದರೆ ತಂದೆ ಮಗಳು ಫೋನಿನಲ್ಲಿ ಜಗಳವಾಡುವರು. ಅವಳು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕಳಿಸುವಳು. ಇವನು ಅದರಂತೆ ಅಲ್ಯೂಮಿನಿಯಂ ಕತ್ತರಿಸಿ ನೋಡಿ, ಆಗುವುದಿಲ್ಲ ಎನ್ನುವನು. ಎಣ್ಣೆಯ ಬೆಲೆ ಕುಸಿದು ವಾಲ್ವ್‌ಗಳ ಕೆಲಸ ಕಡಿಮೆಯಾದ ಕಾಲ ಅದು. ಯಂತ್ರಗಳಿಗೆ ಬಿಡುವಿತ್ತು. ಕೆಟ್ಟ ಕೊಕ್ಕೆಗಳನ್ನು ಅವನು ಲೇತಿನ ಪಕ್ಕದ ತಗಡಿನ ಡಬ್ಬಕ್ಕೆ ಒಗೆಯುತ್ತಿದ್ದ. ಡಬ್ಬ ತುಂಬಿತು. ಕೊನೆಗೆ ಒಂದು ಅವನ ಮನಸ್ಸಿಗೆ ಬಂದಿತು.

ಅದರ ರೀತಿ ಸರಳ. ಬೂಟಿನ ಮುಂದೆ ಎರಡು ಪಕ್ಕಗಳಲ್ಲಿ ಎರಡು ಸಣ್ಣ ಗುಬಟುಗಳು. ಅವು ಹಲಗೆಯ ಮೇಲಿನ ತೋಡುಗಳಲ್ಲಿ ಕೂರುತ್ತವೆ. ಆಮೇಲೆ ಹಿಮ್ಮಡಿ ಒತ್ತಿದರೆ ಹಿಂದಿನ ಗುಳಿಯಲ್ಲಿರುವ ಸ್ಪ್ರಿಂಗಿನ ಕೊಕ್ಕೆ ಬೂಟನ್ನು ಹಿಡಿದು 'ಟಕ್' ಎನ್ನುತ್ತದೆ. ಬಿಡಿಸಲು ಪಕ್ಕದ ಹಿಡಿಯನ್ನು ಎತ್ತಿದರೆ ಸಾಕು. ಕೂರಬೇಕಿಲ್ಲ, ಬಾಗಬೇಕಿಲ್ಲ. ಮನೆಗೆ ಯಾರೇ ಬರಲಿ, ಅವನು ಒಂದು ಕಾಲಿಗೆ ಬೂಟು ಹಾಕಿಕೊಂಡು ಆ 'ಟಕ್' ಕೇಳಿಸುತ್ತಿದ್ದ. ಬಲಗಾಲಿನದು ಮುಗಿದಿತ್ತು. ಚಳಿಗಾಲ ಬಂದೊಡನೆ ಗುಡ್ಡಕ್ಕೆ ಒಯ್ದು ನೋಡುವುದೆಂದು ನಿಶ್ಚಯವಾಗಿತ್ತು. ಆ ವೈಶಾಖದಲ್ಲಿ, ಊಟಕ್ಕೆ ಕೂತವನು ಎದೆ ಹಿಡಿದುಕೊಂಡ. ಮರುದಿನ ಬೆಳಗಾಗುವುದರೊಳಗೆ ಲಿಂಗೈಕ್ಯನಾದ.

ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೊಟ್ಟವನು ಕರೆದುಕೊಂಡ. ಕೊಟ್ಟದ್ದು ಸುಳ್ಳಲ್ಲ.

ಪ್ರೇರಣಾ ಅಳುವುದನ್ನು ನಾನು ಕಾಣಲಿಲ್ಲ. ಅವಳು ಕೊಕ್ಕೆಯ ಕೆಲಸ ಹಿಡಿದಳು. ಡಲ್ಲಾಸಿನ ಪಕ್ಕದ ಇರ್ವಿಂಗ್‌ನಲ್ಲಿ ಕಚೇರಿ ಇರುವ ಒಂದು ಕ್ರೀಡಾ ಸಾಮಗ್ರಿಯ ಕಂಪನಿಗೆ ಬರೆದಳು, ಮತ್ತೆ ಬರೆದಳು. ಅವರಲ್ಲಿ ಇಂಥ ಸಾಮಾನುಗಳನ್ನು ಆರಿಸುವ ಹೆಂಗಸು ಕೊಲರಾಡೊದವಳು. ವಿಜಯದಶಮಿಯ ದಿನ ಮಧ್ಯಾಹ್ನ ಇರ್ವಿಂಗ್‌ನಲ್ಲಿ ಇರುತ್ತೇನೆ, ಸಂಜೆ ವಿಮಾನ, ಬಂದು ತೋರಿಸು ಎಂದಳು. ಅವಳು ಒಪ್ಪಿದರೆ ಶಶಿಕಾಂತನ ಕೊಕ್ಕೆ ಲೋಕಕ್ಕೆ ಹೋಗುತ್ತದೆ. ಇಲ್ಲವಾದರೆ ನಮ್ಮ ಮನೆಯ ಗೂಡಿನಲ್ಲಿ ಕೂರುತ್ತದೆ. ಪ್ರೇರಣಾಳಿಗೆ ಅದು ತಂದೆಯನ್ನು ಎರಡನೆಯ ಸಲ ಕಳೆದುಕೊಂಡಂತೆ. ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೆ ತಿಳಿಯುತ್ತಿತ್ತು.

ಹಿಂದಿನ ದಿನ ಆಯುಧಪೂಜೆ. ಪಕ್ಕದ ಮನೆಯ ರಾಜಲಕ್ಷ್ಮಿ ಮೈಸೂರಿನವಳು, ನನ್ನ ಮೇಲೆ ಬಹಳ ಪ್ರೀತಿ. ನಾನು ಹೂ ಕಟ್ಟುವುದನ್ನು ಕಂಡು ಬಾಗಿಲಲ್ಲೇ ನಿಂತು, "ಆಂಟಿ, ಈ ವರ್ಷ ನಿಮಗೆ ಹಬ್ಬ ಇಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಲಿಂಗ ಎದಿಮ್ಯಾಲ ಇದ್ದವರಿಗೆ ಸೂತಕ ಎಲ್ಲಿಂದ ಬರಬೇಕವಾ? ಒಳಗ ಬಾ, ಹೂವಿನ ದಾರ ಹಿಡಿ" ಎಂದೆ. ಅವಳು ಬಂದು ಹಿಡಿದಳು.

ವರ್ಕ್‌ಶಾಪನ್ನು ಈಗ ನನ್ನ ಸೊಸೆ ಸರೋಜಾ ನಡೆಸುತ್ತಾಳೆ. ಆ ದಿನ ಕೆಲಸದವರಿಗೆ ರಜೆ. ಯಂತ್ರಗಳನ್ನೆಲ್ಲ ಒರೆಸಿ, ವಿಭೂತಿ ಬಳಿದು, ಹೂವೇರಿಸಿದೆವು. ಒಂದು ಮಣೆಯ ಮೇಲೆ ಕೊಕ್ಕೆಯನ್ನಿಟ್ಟೆ. ಕಾಲಲ್ಲಿ ತುಳಿಯುವ ವಸ್ತು, ಮಣೆಯ ಮೇಲೆ ಬೇಡವೇನೋ ಎಂದು ಸರೋಜಾ ಅಳುಕಿದಳು. ಸೈಕಲ್ಲಿನ ಪೆಡಲನ್ನೂ ಕಾಲಲ್ಲೇ ತುಳಿಯುತ್ತೇವೆ, ಅದಕ್ಕೆ ಕುಂಕುಮ ಹಚ್ಚುವುದಿಲ್ಲವೇ ಎಂದು ಕೇಳಿದೆ. ಮಗ ಇದ್ದಿದ್ದರೆ ಮಾಡುತ್ತಿದ್ದ ಪೂಜೆ. ಕೈ ಬಿಗಿಹಿಡಿಯದೆ ಮಾಡಿದೆ. ಅರಿಸಿನ, ಕುಂಕುಮ, ಗಂಧ, ಸಕ್ಕರೆ, ಬಾಳೆಹಣ್ಣು. ತೆಂಗಿನಕಾಯಿ ಒಡೆದು ನೀರನ್ನು ಕೊಕ್ಕೆಯ ಮೇಲೆಯೇ ಸುರಿದೆ. ಪೂಜೆಯಾದ ಯಂತ್ರಗಳನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅವುಗಳಿಗೂ ವರ್ಷಕ್ಕೊಂದು ದಿನ ವಿಶ್ರಾಂತಿ. ನಮ್ಮ ಮಾವನವರ ಕಾಲದಿಂದ ಹಾಗೇ ನಡೆದಿದೆ.

ಪ್ರೇರಣಾ ರೌಂಡ್ ರಾಕ್‌ನಿಂದ ಡ್ರೈವ್ ಮಾಡಿಕೊಂಡು ಮೂರನೆಯ ಪ್ರಹರಕ್ಕೆ ಬಂದಳು. ನಮಸ್ಕಾರ ಮಾಡಿ, ಪ್ರಸಾದ ತಿಂದು, ನಾಳೆಗೆ ಕಟ್ಟಿಡುವ ಮೊದಲು ಒಮ್ಮೆ ನೋಡುವೆನೆಂದು ಕೊಕ್ಕೆಯನ್ನು ಹಲಗೆಗೆ ಜೋಡಿಸಿ, ಬೂಟು ಹಾಕಿಕೊಂಡು ಹಿಮ್ಮಡಿ ಒತ್ತಿದಳು.

ಸದ್ದಿಲ್ಲ. ಮತ್ತೆ ಒತ್ತಿದಳು. ಮೈಭಾರವನ್ನೆಲ್ಲ ಬಿಟ್ಟು ತುಳಿದಳು.

"ಅಜ್ಜಿ, ಲಾಕ್ ಆಗವಲ್ದು."

ಕಾಲು ತೆಗೆದು ನೋಡಿದರೆ, ಕುಂಕುಮ, ಸಕ್ಕರೆ, ತೆಂಗಿನ ನೀರು ಎಲ್ಲ ಸೇರಿ ಕೊಕ್ಕೆಯ ಗುಳಿಯಲ್ಲಿ ಕೆಂಪು ಪಾಕವಾಗಿ ಗಟ್ಟಿಯಾಗಿತ್ತು. ಸರೋಜಾ ನನ್ನ ಮುಖವನ್ನೇ ನೋಡಿದಳು. ನಾನು ಬಕೆಟ್ಟಿನಲ್ಲಿ ಬಿಸಿನೀರು ತಂದೆ, ಬ್ರಷ್ಷಿನಿಂದ ತಿಕ್ಕಿದೆವು, ಒರೆಸಿದೆವು. 'ಟಕ್' ಎಂದಿತು. ಮೂವರೂ ಉಸಿರು ಬಿಟ್ಟೆವು.

ಆದರೆ ಪ್ರೇರಣಾ ಕೊಕ್ಕೆಯನ್ನು ಕಟ್ಟಿಡಲಿಲ್ಲ. ಕಾಲು ಬಿಡಿಸಿಕೊಂಡು ಗುಳಿಯನ್ನು ದಿಟ್ಟಿಸುತ್ತಿದ್ದಳು. ಆಮೇಲೆ ಕಾರಿನ ಕೀಲಿ ಎತ್ತಿಕೊಂಡು ಹೊರಗೆ ಹೋದಳು. ಬೀದಿಯ ತುದಿಯಲ್ಲಿ ಮಕ್ಕಳಿಗೆ ಬಣ್ಣದ ಐಸ್ ಪುಡಿ ಮಾರುವ ಗೂಡಂಗಡಿ ಇದೆ. ಅಲ್ಲಿಂದ ಬಣ್ಣವಿಲ್ಲದ ಬಿಳಿಯ ಪುಡಿಯನ್ನೇ ಒಂದು ಡಬ್ಬಿ ತುಂಬ ತಂದಳು. ಗುಳಿಯಲ್ಲಿ ತುಂಬಿ, ಹೆಬ್ಬೆರಳಿನಿಂದ ಅದುಮಿ, ಹಿಮ್ಮಡಿ ಒತ್ತಿದಳು.

ಕೊಕ್ಕೆ ಹಿಡಿಯಲಿಲ್ಲ.

ಹಲಗೆಯ ಮೇಲೆಯೇ ಕುಳಿತು ಅವಳು ಹೇಳಿದ್ದರ ಸಾರ ಇಷ್ಟು: ಹಿಮವೂ ಇದೇ ರೀತಿ ತುಂಬಿಕೊಳ್ಳುತ್ತದೆ. ಬೂಟು ಅದನ್ನು ಒತ್ತಿ ಒತ್ತಿ ಕಲ್ಲು ಮಾಡುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಒಣಗಿದ ಸಿಮೆಂಟ್ ನೆಲದ ಮೇಲೆ ನೋಡಿ ತಂದೆ ಮಗಳು ಇಬ್ಬರೂ ಮೋಸಹೋಗಿದ್ದರು. ನನಗೆ ನಮ್ಮ ಊರಿನ ಗುಡಿಯ ಲಿಂಗ ನೆನಪಾಯಿತು. ಅಭಿಷೇಕದ ನೀರು ಹರಿಯಲೆಂದು ಪೀಠಕ್ಕೆ ಗೋಮುಖ ಇರುತ್ತದೆ. ಅದಿಲ್ಲದ ಪೀಠವನ್ನು ನಾನು ಎಲ್ಲಿಯೂ ಕಂಡಿಲ್ಲ. ಪ್ರೇರಣಾಳಿಗೆ ಗೋಮುಖ ಗೊತ್ತಿರಲಿಲ್ಲ, ಆದರೆ ಉಪಾಯ ಗೊತ್ತಿತ್ತು. ಗುಳಿಯ ತಳದಿಂದ ಹಿಂದಕ್ಕೆ ಇಳಿಜಾರಾಗಿ ಒಂದು ತೂತು ಕೊರೆದರೆ ಬೂಟೇ ಹಿಮವನ್ನು ಹೊರಗೆ ತಳ್ಳುತ್ತದೆ. ಎಲ್ಲಿ ಕೊರೆದರೆ ಬಲ ಕೆಡುವುದಿಲ್ಲವೆಂದು ಉಗುರಿನಿಂದ ಗೆರೆ ಎಳೆದು ತೋರಿಸಿದಳು. ತೋರಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ತೊಳದ ಒಯ್ಯಲಿ ಬಿಡ್ರಿ ಅತ್ತಿ. ಆಫೀಸಿನ್ಯಾಗ ಬರ್ಫ ಯಾರು ತಂದಿರತಾರ?" ಎಂದಳು ಸರೋಜಾ. ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಮಗಳ ಮುಖ ನೋಡಲಾರದೆ ಆಡಿದ ಮಾತು.

"ಆಫೀಸಿನ್ಯಾಗ ಇಲ್ಲ. ಗುಡ್ಡದ ಮ್ಯಾಲ ಐತಿ" ಎಂದೆ. "ಇದರ ಮ್ಯಾಲ ನಾಳೆ ಯಾರದರ ಮಗಳು ನಿಲ್ಲತಾಳ. ಕೊಕ್ಕಿ ಅರ್ಧಾ ಹಿಡದು ಬಿಟ್ಟರ?"

ಸರೋಜಾ ಬ್ರಷ್ಷನ್ನು ಬಕೆಟ್ಟಿಗೆ ಹಾಕಿದಳು.

"ಪಪ್ಪಾ ಟಚ್ ಮಾಡಿದ ಲಾಸ್ಟ್ ಪೀಸ್ ಅಜ್ಜಿ ಇದು" ಎಂದಳು ಪ್ರೇರಣಾ. "ನಾ ಇದಕ್ಕ ಡ್ರಿಲ್ ಹಾಕಂಗಿಲ್ಲ. ಮತ್ತ ಇವತ್ತ ಮಷಿನ್ ಮುಟ್ಟಬಾರದು ಅಂತ ನೀನ ಹೇಳ್ತಿ."

ಎರಡು ಮಾತೂ ನಿಜ. ನಾಳೆ ನಸುಕಿನಲ್ಲೇ ಹೊರಡಬೇಕು. ಯಂತ್ರಗಳ ವಿಶ್ರಾಂತಿ ಮುಗಿಯುವವರೆಗೆ ಕಾದರೆ ಆಗುವುದಿಲ್ಲ. ಹೊಸದೊಂದನ್ನು ಮಾಡಲು ಹೊತ್ತಿಲ್ಲ. ನಾನು ಕೊಕ್ಕೆಯನ್ನು ಕೈಗೆತ್ತಿಕೊಂಡೆ. ಅಂಚುಗಳು ನುಣುಪಾಗಿದ್ದವು. ಬೆರಳಿಗೆ ಚುಚ್ಚದಂತೆ ಅರದಿಂದ ಉಜ್ಜುವುದು ಅವನ ಅಭ್ಯಾಸ. ಯಾರೂ ನೋಡದ ಒಳಬದಿಯನ್ನೂ ಉಜ್ಜಿದ್ದ. ಆ ನುಣುಪಿನ ಮೇಲೆ ಬೆರಳಾಡಿಸಿದಾಗ ಅವನ ಕೈಯನ್ನೇ ಹಿಡಿದಂತಾಯಿತು. ನನ್ನ ಮನಸ್ಸೂ, ಇರಲಿ, ಹೀಗೇ ಇರಲಿ ಎಂದಿತು. ಅದನ್ನು ಮನೆಯ ದೇವರ ಜಗುಲಿಯ ಮೇಲಿಟ್ಟು ದಿನವೂ ಹೂವೇರಿಸಬಹುದಿತ್ತು.

ಆದರೆ ನನ್ನ ಮಗ ದೇವರ ಜಗುಲಿಗೆಂದು ಅದನ್ನು ಮಾಡಿರಲಿಲ್ಲ.

ಲೇತಿನ ಪಕ್ಕದ ತಗಡಿನ ಡಬ್ಬವನ್ನು ಎಳೆದು ಅವಳ ಮುಂದಿಟ್ಟೆ. ಒಂದು ಹಿಡಿ ಕೊಕ್ಕೆಗಳನ್ನು ಎತ್ತಿ ಅವಳ ಉಡಿಯಲ್ಲಿ ಹಾಕಿದೆ. ಎಲ್ಲವೂ ಅವನ ಕೈಯವೇ. ಎಲ್ಲದರ ಅಂಚೂ ನುಣುಪು.

"ಇವೂ ನಿಮ್ಮಪ್ಪ ಮುಟ್ಟಿದ್ದ. ಒಂದಕ್ಕರ ಮರುಗಿದನೇನು? ಇದ್ರಾಗ ಐಬು ಕಂಡಿದ್ದರ ಇದನ್ನೂ ಇದ ಡಬ್ಬಿಗೆ ಒಗೀತಿದ್ದ. ಅವನ ಕೈ ಈ ತುಣುಕಿನ್ಯಾಗ ಇಲ್ಲವಾ ಪ್ರೇರಣಾ. ನಿನ್ನ ಕೈಯಾಗ ಐತಿ. ಕೊರಿ."

ಅವಳು ಉಡಿಯಲ್ಲಿದ್ದ ಕೊಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಗ ಅತ್ತಳು. ಮಗುವಿನ ಹಾಗೆ, ಸದ್ದು ಮಾಡಿ, ತಾಯಿಯ ಹೆಗಲಿಗೆ ಒರಗಿ ಅತ್ತಳು. ಸರೋಜಾಳೂ ಅತ್ತಳು. ನಾನು ಡ್ರಿಲ್ಲಿಂಗ್ ಮಷಿನ್ನಿನ ಬಳಿಗೆ ಹೋದೆ. ಕಲಶವನ್ನು ಕದಲಿಸಿ ಪೂಜೆ ಮುಗಿಸುವ ಪದ್ಧತಿ ಉಂಟಷ್ಟೇ. ಅದೇ ರೀತಿ ಅಕ್ಷತೆ ಹಾಕಿ, ಮಷಿನ್ನಿನ ಹಿಡಿಯನ್ನು ಬಲಗೈಯಿಂದ ಸ್ವಲ್ಪ ಕದಲಿಸಿದೆ. ಮರುದಿನ ಆಗಬೇಕಾದದ್ದು ಅಂದೇ ಆಯಿತು. ಶಿವನಿಗೆ ಕ್ಯಾಲೆಂಡರ್ ತೋರಿಸಿ ವಾದಿಸುವವರು ವಾದಿಸಲಿ. ಹೂವನ್ನು ನಾನೇ ಇಳಿಸಿ ಕಣ್ಣಿಗೊತ್ತಿಕೊಂಡೆ.

ಪ್ರೇರಣಾ ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಕೊಕ್ಕೆಯನ್ನು ಬಿಗಿದಳು. ಉಗುರಿನ ಗೆರೆಯ ಮೇಲೆ ಮೊನೆ ಇಳಿಸಿದಳು. ಅಲ್ಯೂಮಿನಿಯಂ ಚೂರುಗಳು ಸುರುಳಿಯಾಗಿ ಉದುರಿದವು. ತೂತಿನ ಅಂಚನ್ನು ಅವಳು ಅರದಿಂದ ಉಜ್ಜಿದಳು, ಹೊರಬದಿಯನ್ನೂ ಒಳಬದಿಯನ್ನೂ. ಯಾರೂ ಹೇಳಿರಲಿಲ್ಲ.

ಉಳಿದ ಐಸ್ ಪುಡಿಯನ್ನು ತುಂಬಿ ಒತ್ತಿದಾಗ ಅದು ಬೀಸುವ ಕಲ್ಲಿನಿಂದ ಹಿಟ್ಟು ಬಂದ ಹಾಗೆ ಹಿಂದಿನಿಂದ ಹೊರಬಿತ್ತು. 'ಟಕ್'.

ಮರುದಿನ ಇರ್ವಿಂಗ್‌ಗೆ ನಾನೂ ಹೋದೆ. ಸರೋಜಾ ವರ್ಕ್‌ಶಾಪಿನಲ್ಲಿ ಉಳಿದಳು. ಆ ಕೊಲರಾಡೊದ ಹೆಂಗಸು ಎತ್ತರದವಳು, ಬಿಸಿಲಿಗೆ ಕಂದಿದ ಮುಖ, ನಗು ಕಡಿಮೆ. ಇಂಥ ಕೊಕ್ಕೆಗಳನ್ನು ಬಹಳ ನೋಡಿದ್ದೇನೆ, ಕೋಣೆಯೊಳಗೆ ಎಲ್ಲವೂ ಚೆನ್ನಾಗಿ ನಡೆಯುತ್ತವೆ, ಹಿಮದಲ್ಲಿ ಕೈಕೊಡುತ್ತವೆ ಎಂದು ಮೊದಲೇ ಹೇಳಿದಳು. ಪ್ರೇರಣಾ ತಾನು ತಂದಿದ್ದ ಐಸ್ ಪುಡಿಯ ಪೆಟ್ಟಿಗೆಯ ಮುಚ್ಚಳ ತೆಗೆದು ಅವಳ ಮುಂದಿಟ್ಟಳು. ನಿನ್ನೆ ಇದೂ ಕೈಕೊಟ್ಟಿತ್ತು, ನೀವೇ ತುಂಬಿ ನೋಡಿ ಎಂದಳು. ಆ ಹೆಂಗಸು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಎರಡು ಕೈಯಿಂದಲೂ ಅದುಮಿ ತುಂಬಿದಳು. ಪ್ರೇರಣಾ ನಿಂತಲ್ಲೇ ಹಿಮ್ಮಡಿ ಒತ್ತಿದಳು. ಅವರ ಕಾರ್ಪೆಟ್ಟು ಒದ್ದೆಯಾಯಿತು. ಕೊಕ್ಕೆ ಹಿಡಿಯಿತು. ಆಕೆ ಮತ್ತೆ ಮತ್ತೆ ತುಂಬಿದಳು. ಅದು ಪ್ರತಿ ಸಲವೂ ಹಿಡಿಯಿತು.

ಕೊನೆಗೆ ಆಕೆ ಹೇಳಿದಳು: ಈಗಲೇ ಒಪ್ಪಂದದ ಮಾತಾಡುವುದಿಲ್ಲ. ಈ ಚಳಿಗಾಲವೆಲ್ಲ ನಮ್ಮವರು ಗುಡ್ಡದ ಮೇಲೆ ಪರೀಕ್ಷೆ ಮಾಡಬೇಕು. ಎಡಗಾಲಿನದನ್ನು ನೀನು ಮಾಡಿ ಕಳಿಸು. ಇದನ್ನು ಇಲ್ಲೇ ಬಿಟ್ಟುಹೋಗು.

ಪ್ರೇರಣಾ ನನ್ನ ಕಡೆ ನೋಡಲೂ ಇಲ್ಲ. ಬೂಟು ಬಿಚ್ಚಿ, ಕೊಕ್ಕೆಯನ್ನು ತನ್ನ ದುಪಟ್ಟದಿಂದ ಒರೆಸಿ, ಎರಡು ಕೈಯಿಂದ ಆಕೆಗೆ ಕೊಟ್ಟಳು.

ಹಿಂದಿರುಗುವಾಗ ಹೆದ್ದಾರಿಯ ಪಕ್ಕದಲ್ಲಿ ಕಾರು ನಿಲ್ಲಿಸಿದೆವು. ಅಲ್ಲಿ ಮೆಸ್ಕೀಟ್ ಮರಗಳಿದ್ದವು. ನಮ್ಮ ಬನ್ನಿಯ ಕುಲದ್ದೇ ಮರ ಅದು. ಟೆಕ್ಸಸ್‌ಗೆ ಬಂದಾಗಿನಿಂದ ದಸರೆಗೆ ನಾವು ಅದರ ಎಲೆಯನ್ನೇ ಹಂಚುತ್ತೇವೆ. ಮುಳ್ಳು ತಪ್ಪಿಸಿ ಒಂದು ಎಸಳು ಕಿತ್ತು ಅವಳ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದೆ. ಅವಳು ಬಗ್ಗಿ ಕಾಲು ಮುಟ್ಟಿದಳು.

"ಅಜ್ಜಿ, ಲೆಫ್ಟ್ ಕಾಲಿಂದು ಮುಂದಿನ ತಿಂಗಳ ಮುಗಿಸ್ತೀನಿ. ಅದಕ್ಕೂ ಪೂಜಾ ಮಾಡು. ಆದರ ತೆಂಗಿನ ನೀರು ಬ್ಯಾಡ, ಪ್ಲೀಸ್."

"ಹರದು ಹೋಗಾಕ ದಾರಿ ಮಾಡೀದಿ" ಎಂದೆ. "ಇನ್ಯಾಕ ಬ್ಯಾಡ?"